ಕುಂಕುಮವಿಲ್ಲದ ಒರೆ

ನಾನೊಂದು ಒರೆ. ಕತ್ತಿಯದಲ್ಲ, ಪಿಸ್ತೂಲಿನದು. ಅಂಗೈಗಿಂತ ತುಸು ಉದ್ದ, ಕಂದು ಬಣ್ಣ, ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ, ಪಟ್ಟಿಯ ತುದಿಗೆ ಹಿತ್ತಾಳೆಯ ಗುಂಡಿ. ಈಗ ಆ ಪಟ್ಟಿ ಎರಡು ತುಂಡಾಗಿದೆ. ಅದು ಹೇಗೆ ತುಂಡಾಯಿತು ಎಂಬುದೇ ನನ್ನ ಕತೆ. ಉಳಿದದ್ದೆಲ್ಲ ಅದಕ್ಕೆ ಮುಂಚಿನ ಮಾತು. ಆದರೂ ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ಯಾಕೆ ಇಷ್ಟು ನೋವಾಯಿತೆಂದು ನಿಮಗೆ ತಿಳಿಯುವುದಿಲ್ಲ.

ಹುಟ್ಟಿದ್ದು ಅಥಣಿ ಸೀಮೆಯ ಒಂದು ಚಪ್ಪಲಿ ಓಣಿಯಲ್ಲಿ. ಎಮ್ಮೆಯ ತೊಗಲು. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ವಾರಗಟ್ಟಲೆ ನೆನೆದು ಹದವಾಗಿದ್ದೆ. ನನ್ನ ಜೊತೆಯ ತುಂಡುಗಳೆಲ್ಲ ಚಪ್ಪಲಿಗಳಾದವು. ನಾನೂ ಯಾರದೋ ಕಾಲಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಒಣದ್ರಾಕ್ಷಿ ವ್ಯಾಪಾರಿ ಶಿವಪುತ್ರಪ್ಪ ಕಂಠಿ ಬಂದು ಲಗಮಪ್ಪನ ಕಟ್ಟೆಯ ಮೇಲೆ ಕುಳಿತ.

ಲಗಮಪ್ಪ ನನ್ನನ್ನು ಮಾಡಿದವನು. ವಯಸ್ಸು ಅರವತ್ತರ ಹತ್ತಿರ, ಹೆಬ್ಬೆರಳಿನ ಉಗುರು ಗೊರಸಿನಷ್ಟು ಗಟ್ಟಿ. ಲಗಮಪ್ಪನ ಚಪ್ಪಲಿಯ ಅಟ್ಟೆ ಸವೆಯಬಹುದು, ಹೊಲಿಗೆ ಬಿಚ್ಚುವುದಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ಅವನ ಬಳಿ ಇದ್ದದ್ದು ಆ ಮಾತೊಂದೇ.

ಕಂಠಿ ಸಾವಕಾರ ಟವೆಲಿನ ಗಂಟು ಬಿಚ್ಚಿ ಒಂದು ಪುಟ್ಟ ಪಿಸ್ತೂಲನ್ನು ಹೊರಗಿಟ್ಟ. ಅವರಪ್ಪನ ಕಾಲದ್ದು, ವಿದೇಶದ್ದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ಮಗನ ಹೆಸರಿಗೆ ಬಂದಿತ್ತು. ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ.

“ಇದಕ್ಕೊಂದು ಹೋಲ್ಸ್ಟರ್ ಬೇಕು ಲಗಮಪ್ಪ. ಮಂದಿಗೆ ಕಾಣಬಾರದು.”

“ಒರಿ ಅನ್ರಿ. ಕತ್ತಿಗೆ ಇದ್ದಂಗ. ಪ್ಯಾಟ್ಯಾಗ ತಯಾರ ಸಿಗೂದಿಲ್ಲೇನ್ರಿ?”

“ಸಿಗತಾವು, ಹೊಸಾ ಪಿಸ್ತೂಲಿಗೆ. ನೈಲಾನ್ ಚೀಲದಾಗ ಹಾಕಿದ್ರ ಇದು ಬಾಣಲಿಯೊಳಗಿನ ಶೇಂಗಾದಂಗ ಗಲಗಲ ಅಂತೈತಿ.”

ಆಮೇಲೆ ನಾನು ಎಲ್ಲಿರಬೇಕೆಂಬ ಚರ್ಚೆ ಶುರುವಾಯಿತು. ಕಾಲಿಗೆ ಕಟ್ಟಿಕೊಂಡರೆ ಧೋತರ ಉಟ್ಟ ದಿನ ಕಾಣುತ್ತದೆ. ಜುಬ್ಬಾದ ಜೇಬಿನಲ್ಲಿಟ್ಟರೆ ಜೇಬು ಜೋತುಬಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಹೆಗಲಿಂದ ಕಂಕುಳಿಗೆ ಇಳಿಬಿಡೋಣವೇ ಎಂದು ಲಗಮಪ್ಪ ಕೇಳಿದ.

“ಬ್ಯಾಡ ಬ್ಯಾಡ. ಎದಿಮ್ಯಾಲ ಲಿಂಗ ಐತಿ. ಅದರ ಬಾಜೂಕ ತೊಗಲ ಬರಬಾರದು.”

ಲಗಮಪ್ಪ ತೊಗಲಿನ ರಾಶಿಯ ಮೇಲೆ ಕುಳಿತೇ ಇದ್ದ. ತಲೆ ಆಡಿಸಿದ, ಅಷ್ಟೇ. “ಹಂಗಾರ ಸ್ವಂಟಕ್ಕ, ಒಳಗಡೆ. ಆದ್ರ ಊಟಕ್ಕ ಕುಂತಾಗ ಹೊಟ್ಟಿಗೆ ಚುಚ್ಚತೈತಿ. ಒಂದು ರೊಟ್ಟಿ ಕಡಿಮಿ ತಿನಬೇಕಾಗತೈತಿ ನೀವು.”

“ಅದನ್ನ ನಮ್ಮ ನೀಲವ್ವಗ ಹೇಳು, ಆಕಿ ಬಡಸೂದು ಬಿಡಬೇಕಲಾ,” ಎಂದು ಸಾವಕಾರ ಹೆಂಡತಿಯ ಹೆಸರು ಹೇಳಿ ನಕ್ಕ. ಆ ನಗು ನನಗೆ ಇಷ್ಟವಾಯಿತು. ಇಂಥವನ ಸೊಂಟದಲ್ಲಿರಬಹುದು ಅನ್ನಿಸಿತು.

ಲಗಮಪ್ಪ ಪಿಸ್ತೂಲನ್ನು ತಿರುಗಿಸಿ ನೋಡಿದ. ಅದು ತಾನಾಗಿ ಹಾರದಂತೆ ತಡೆಯುವ ಕೀಲಿ ಬೆರಳು ತಾಗಿದರೆ ಜಾರುತ್ತಿತ್ತು. “ಹಳೀದು, ಕೀಲಿ ಸಡಲ ಐತ್ರಿ. ನಾ ಕುದುರಿ ಮ್ಯಾಲ ಎರಡು ಪದರ ಹಾಕ್ತೀನಿ.” ಕುದುರೆ ಎಂದರೆ ಬೆರಳಿಟ್ಟು ಎಳೆಯುವ ಕೊಂಡಿ. “ಒರ್‍ಯಾಗ ಇರೂತನಕ ಇದು ಹಾರಂಗಿಲ್ಲ, ಅದು ನನ್ನ ಜವಾಬ್ದಾರಿ. ಬರೇ ಸ್ವಂಟಕ್ಕ ಮಾತ್ರ ಎಂದೂ ಸಿಗಿಸಬ್ಯಾಡ್ರಿ.”

“ಹುಚ್ಚದೀನೇನು ನಾ,” ಅಂದ ಸಾವಕಾರ.

ಪಿಸ್ತೂಲನ್ನು ಬೇರೆಯವರ ಮನೆಯಲ್ಲಿ ಬಿಟ್ಟುಹೋಗುವಂತಿಲ್ಲ. ಅದಕ್ಕೆ ಲಗಮಪ್ಪ ಅದನ್ನು ಎದುರಿಗಿಟ್ಟುಕೊಂಡೇ ಜಾಲಿಯ ಕಟ್ಟಿಗೆಯಲ್ಲಿ ಅದರದೇ ಅಳತೆಯ ಇನ್ನೊಂದನ್ನು ಕೆತ್ತಿದ. ಸಾವಕಾರ ಚಹಾ ಕುಡಿಯುತ್ತ ಸಂಜೆವರೆಗೆ ಕಾದ. ಮರುದಿನ ನನ್ನನ್ನು ನೀರಲ್ಲಿ ನೆನೆಸಿ, ಆ ಕಟ್ಟಿಗೆಯ ಪಿಸ್ತೂಲಿನ ಸುತ್ತ ಒತ್ತಿ, ಹೆಬ್ಬೆರಳಿಂದ ತೀಡಿ ತೀಡಿ ನೆರಳಿನಲ್ಲಿ ಒಣಗಿಸಿದ. ಒದ್ದೆ ತೊಗಲು ಒಮ್ಮೆ ಹಿಡಿದ ಆಕಾರವನ್ನು ಬಿಡುವುದಿಲ್ಲ. ಗುಣವೆನ್ನಿ, ದೋಷವೆನ್ನಿ, ನಾನು ಹಾಗೆ.

ನಾನು ಇನ್ನೂ ಅರ್ಧ ಹೊಲಿಗೆಯಲ್ಲಿದ್ದಾಗ ಖಂಡೆಪೂಜೆ ಬಂತು, ಆಯುಧಗಳಿಗೆ ಮಾಡುವ ಪೂಜೆ. ಲಗಮಪ್ಪನ ಹೆಂಡತಿ ತಾಯವ್ವ ತೊಗಲು ಕೊಯ್ಯುವ ರಂಪಿ, ಉಳಿ, ಸೂಜಿ ಎಲ್ಲ ತೊಳೆದು, ತೊಗಲಿನ ರಾಶಿಯ ಮೇಲೇ ಜೋಡಿಸಿ ಕುಂಕುಮ ಹಚ್ಚಿದಳು. ತೊಗಲೂ ದೇವರ ಮುಂದೆ ಕೂರುವ ವಸ್ತು ಎಂದು ನಾನು ಅಂದುಕೊಂಡೆ. ಎಲ್ಲ ಮನೆಯಲ್ಲೂ ಹಾಗೇ ಇರುತ್ತದೆ ಎಂದೂ ಅಂದುಕೊಂಡುಬಿಟ್ಟೆ.

ಕಂಠಿಯವರ ಮನೆಗೆ ಹೋದ ಮೇಲೆ ನಾಲ್ಕು ವರ್ಷ ನಾನು ಸಾವಕಾರನ ಬಲಸೊಂಟದಲ್ಲಿದ್ದೆ. ದ್ರಾಕ್ಷಿ ಸವಾಲಿಗೆ, ಅಂದರೆ ಹರಾಜಿಗೆ, ಊರೂರು ತಿರುಗಿದೆ. ಅವನ ಬೆವರು ನನ್ನ ಒಂದು ಮಗ್ಗುಲನ್ನು ಕಪ್ಪಾಗಿಸಿತು. ಅವನಿಗೆ ಹೆದರಿಕೆಯಾದಾಗ ಅಂಗಿಯ ಮೇಲಿಂದ ಕೈ ಬಂದು ನನ್ನನ್ನು ಒಮ್ಮೆ ಮುಟ್ಟಿ ಹೋಗುತ್ತಿತ್ತು. ಅವನಿಗೆ ಹೆದರಿಕೆ ಜಾಸ್ತಿ. ಅದು ಗೊತ್ತಿದ್ದದ್ದು ನನಗೆ, ನೀಲವ್ವನಿಗೆ ಮಾತ್ರ. ಚುನಾವಣೆ ಬಂದಾಗ ಲೈಸೆನ್ಸು ಇದ್ದವರೆಲ್ಲ ಪಿಸ್ತೂಲನ್ನು ಠಾಣೆಯಲ್ಲಿ ಇಟ್ಟುಬರಬೇಕು. ಆ ಎರಡು ತಿಂಗಳು ಅವನು ನನ್ನನ್ನು ಬರಿದಾಗಿಯೇ ಸಿಕ್ಕಿಸಿಕೊಂಡು ತಿರುಗಿದ. ಆಮೇಲೆ ಕನ್ನಡಕದ ಡಬ್ಬಿಯನ್ನು ನನ್ನೊಳಗೆ ಇಡತೊಡಗಿದ.

“ಇದೇನ್ರಿ ವೇಷ,” ಎಂದು ನೀಲವ್ವ ಕೇಳಿದರೆ, “ಸ್ವಂಟ ಬಿಕೋ ಅಂತೈತಿ ಮಾರಾಯ್ತಿ,” ಅಂದಿದ್ದ. ಆ ಮಾತನ್ನು ನಾನು ಬಹಳ ದಿನ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆದರೆ ವರ್ಷಕ್ಕೆ ಎರಡು ದಿನ ನಾನು ಅವನಿಗೆ ಬೇರೆಯವನಾಗುತ್ತಿದ್ದೆ. ಖಂಡೆಪೂಜೆಯ ಬೆಳಿಗ್ಗೆ ಪಿಸ್ತೂಲನ್ನು ತೆಗೆದು ದೇವರ ಜಗಲಿಗೆ ಏರಿಸುತ್ತಿದ್ದ. ನನ್ನನ್ನು ಒಯ್ದು ಹೊರಪಡಸಾಲೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದ, ಮರುದಿನ ದಶಮಿ ಮುಗಿಯುವವರೆಗೆ. ತೊಗಲು ಪೂಜೆಯ ಕೋಣೆಗೆ ಬರಬಾರದು. ಅಲ್ಲಿದ್ದ ಚಪ್ಪಲಿಗಳಲ್ಲಿ ಎರಡು ಜೊತೆ ಲಗಮಪ್ಪನವೇ. ಅವಕ್ಕೆ ಅದು ಅಭ್ಯಾಸವಾಗಿತ್ತು. ನನಗೆ ಆಗಲಿಲ್ಲ. ವರ್ಷವಿಡೀ ಮೈಗಂಟಿಸಿಕೊಂಡು ತಿರುಗುವವನು ದೇವರೆದುರು ನನ್ನ ಗುರುತು ಹಿಡಿಯುವುದಿಲ್ಲ ಎಂಬುದು ಒಂದು ಸಣ್ಣ ಮುಳ್ಳಿನಂತೆ ಒಳಗೇ ಇತ್ತು.

ಹೋದ ದಸರೆಗೆ ಮಗಳು, ಅಳಿಯ ಬಂದಿದ್ದರು. ಅಳಿಯನ ಹೆಸರು ಸಂಗನಬಸು. ಮದುವೆಯಾದ ಮೇಲೆ ಮೊದಲ ದಸರೆ. ದಶಮಿಯ ಸಂಜೆ ಬನ್ನಿ ಎಲೆ ಹಂಚಿಕೊಳ್ಳಲು ಬೀಗರೂ ನಾಲ್ಕು ಮಂದಿ ನೆರೆಯವರೂ ಪಡಸಾಲೆಯಲ್ಲಿ ಕುಳಿತಿದ್ದರು. ಸಾವಕಾರ ರೇಷ್ಮೆ ಧೋತರ ಉಟ್ಟು, ಜಗಲಿಯಿಂದ ಪಿಸ್ತೂಲನ್ನು ತೆಗೆದುಕೊಂಡ. ಅದರ ಮೈಮೇಲೆ ಹಿಂದಿನ ದಿನದ ವಿಭೂತಿ, ಕುಂಕುಮ ಹಾಗೇ ಇದ್ದವು. ಅವನು ಹೊರಗೆ ಬಂದು ನನ್ನನ್ನು ನೋಡಿದ. ಖಂಡಿತ ನೋಡಿದ. ಕೈ ಅರ್ಧ ಚಾಚಿದ. ಮಡಿಯಲ್ಲಿದ್ದ, ಇನ್ನೂ ಬನ್ನಿ ಮುಟ್ಟಬೇಕಿತ್ತು. ಕೈ ಹಿಂದಕ್ಕೆ ಹೋಯಿತು. ಗುಂಡು ತುಂಬಿದ ಪಿಸ್ತೂಲನ್ನು ಬರಿದೇ ಧೋತರದ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜುಬ್ಬಾ ಎಳೆದುಕೊಂಡು ಒಳಗೆ ಹೋದ.

ಸ್ಟ್ಯಾಂಡಿನ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ಸಂಗನಬಸು ಬನ್ನಿ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾವಾರ,” ಎಂದು ಕಾಲಿಗೆರಗಿದ. ಸಾವಕಾರ ಅವನನ್ನು ಎತ್ತಲು ಬಾಗಿದ. ರೇಷ್ಮೆ ನುಣುಪು. ಪಿಸ್ತೂಲು ಜಾರಿತು. ಅದನ್ನು ಹಿಡಿಯಲು ಅವನ ಕೈ ಜುಬ್ಬಾದೊಳಗೆ ಹೋಯಿತು, ಬೆರಳು ಕುದುರೆಗೆ ಸಿಕ್ಕಿತು.

ಸದ್ದು ದೊಡ್ಡದೇನಲ್ಲ, ಹಲಗೆ ಬಿದ್ದಂತೆ. ಅಳಿಯನ ಮೀನಖಂಡದಿಂದ ರಕ್ತ ಬಂದು ಬನ್ನಿ ಎಲೆಗಳು ನೆನೆದವು.

ಎಲ್ಲರೂ ಅವನನ್ನು ಗಾಡಿಗೆ ಹತ್ತಿಸುವ ಗದ್ದಲದಲ್ಲಿದ್ದಾಗ ಸಾವಕಾರ ನನ್ನ ಬಳಿ ಬಂದ. ಈಗ ಮಡಿ ಅಡ್ಡ ಬರಲಿಲ್ಲ. ನನ್ನನ್ನು ಎತ್ತಿಕೊಂಡಾಗ, ಕೊನೆಗೂ ನೆನಪಾದೆನಲ್ಲ ಎಂದು ನನಗೆ ಅನ್ನಿಸಿತು. ನನ್ನ ಮೂರ್ಖತನ. ಅವನ ಇನ್ನೊಂದು ಕೈಯಲ್ಲಿ ಹಣ್ಣು ಹೆಚ್ಚುವ ಚಾಕು ಇತ್ತು. ನನ್ನ ಪಟ್ಟಿಯನ್ನು ಜಗ್ಗಿ ಹಿಡಿದು ಕೊಯ್ದ. ಎರಡು ಸಲ ಎಳೆಯಬೇಕಾಯಿತು, ಲಗಮಪ್ಪನ ಹದ ಅಷ್ಟು ಗಟ್ಟಿ.

ಚಪ್ಪಲಿ ಮೆಟ್ಟಲು ಬಂದ ನೀಲವ್ವ ನೋಡಿಬಿಟ್ಟಳು. “ಏನ ಮಾಡಾಕತ್ತೀರಿ?”

“ನೀ ಸುಮ್ನಿರು. ನನ್ನ ಲೈಸೆನ್ಸ್ ಹೊಕ್ಕೈತಿ, ಬೀಗರ ಮುಂದ ಮಾರಿ ಹೊಕ್ಕೈತಿ.”

ಅವಳು ಅತ್ತ ತಿರುಗಿದಳು. ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಕಡೆ ಹೋದಳು. ಲಗಮಪ್ಪ ಮಾಡಿದ ಚಪ್ಪಲಿಗಳೇ ಅವು.

ಗುಂಡಿನ ಗಾಯವಾದ್ದರಿಂದ ಆಸ್ಪತ್ರೆಯವರು ಠಾಣೆಗೆ ತಿಳಿಸಿದರು. ಆ ರಾತ್ರಿಯೇ ಫೌಜದಾರ ತಳವಾರ ಮೇಡಂ ಮನೆಗೆ ಬಂದು ಪಿಸ್ತೂಲನ್ನೂ ನನ್ನನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ಸಾವಕಾರನ ಹೇಳಿಕೆ ಹೀಗಿತ್ತು: ಪಿಸ್ತೂಲು ಒರೆಯಲ್ಲೇ ಇತ್ತು, ಬಾಗಿದಾಗ ಒರೆಯ ಪಟ್ಟಿ ಹರಿಯಿತು, ಪಿಸ್ತೂಲು ನೆಲಕ್ಕೆ ಬಿದ್ದು ಹಾರಿತು, ತಪ್ಪು ಒರೆ ಹೊಲಿದವನದು. ಜುಬ್ಬಾದ ಒಳಗೆ ನಾನಿದ್ದೆನೋ ಇಲ್ಲವೋ ಯಾರಿಗೂ ಕಂಡಿರಲಿಲ್ಲ. ಕಾಣದಂತಿರುವುದೇ ನನ್ನ ಕೆಲಸವಾಗಿತ್ತಲ್ಲ. ಆ ಕೆಲಸವನ್ನೇ ಅವನು ತನ್ನ ಸುಳ್ಳಿಗೆ ಹೊದಿಸಿದ.

ಒಂಬತ್ತನೆಯ ದಿನ ಲಗಮಪ್ಪನನ್ನು ಠಾಣೆಗೆ ಕರೆಸಿದರು. ತಾಯವ್ವನೂ ಬಂದಿದ್ದಳು. ಸಾವಕಾರ ಆಗಲೇ ಕುರ್ಚಿಯಲ್ಲಿದ್ದ. ಮೇಡಂ ಬೆಂಚು ತೋರಿಸಿದ ಮೇಲೆ ಲಗಮಪ್ಪ ಅದರ ತುದಿಗೆ ಕುಳಿತ.

“ಊರಾಗೆಲ್ಲಾ ಸುದ್ದಿ ಆಗೇತ್ರಿ,” ಅಂದಳು ತಾಯವ್ವ. “ಲಗಮಪ್ಪನ ಹೊಲಿಗಿ ಬಿಚ್ಚಿ ಮನಷ್ಯಾಗ ಗುಂಡ ಬಿತ್ತಂತ. ಲಗ್ನಕ್ಕ ಹೇಳಿದ ಚಪ್ಪಲಿ ಸೈತ ಬ್ಯಾಡಂದ್ರು. ಈ ಮನಷ್ಯಾ ಒಂಬತ್ತ ದಿನಾ ಆತು, ರಂಪಿ ಮುಟ್ಟಿಲ್ಲ.”

ಬರೆದುಕೊಳ್ಳುತ್ತಿದ್ದ ರೈಟರ್ ಪೆನ್ನು ಎತ್ತಿದ. “ಮೇಡಂ, ಹೋಲ್ಸ್ಟರ್‌ಗೆ ಕನ್ನಡದಾಗ ಏನಂತ ಬರೀಲಿ?”

“ಒರೆ ಅಂತ ಬರಿ. ನಮಗ ಬಿ.ಎ.ದಾಗ ಹಳಗನ್ನಡ ಇತ್ತು, ಒರೆ ಅಂದ್ರ ‘ಹೇಳು’ ಅಂತನೂ ಐತಿ,” ಎಂದು ಮೇಡಂ ನನ್ನ ಚೀಲದ ಮುದ್ರೆ ಒಡೆದು, ನನ್ನನ್ನು ಲಗಮಪ್ಪನ ಕೈಗೆ ಕೊಟ್ಟರು.

ನಾಲ್ಕು ವರ್ಷದ ಮೇಲೆ ಆ ಹೆಬ್ಬೆರಳು. ಅದು ಹೊಲಿಗೆಯ ಗುಂಟ ನಿಧಾನ ನಡೆದು ಕೊಯ್ದ ಜಾಗದಲ್ಲಿ ನಿಂತಿತು.

“ಹೊಲಿಗಿ ನಂದರೀ.”

“ನೋಡ್ರಿ, ಒಪ್ಪಿಕೊಂಡ,” ಅಂದ ಸಾವಕಾರ.

“ಹೊಲಿಗಿ ನಂದು. ಕೊಯ್ತ ನಂದಲ್ಲ. ತೊಗಲು ತಾನ ಹರದ್ರ ಎಳಿ ಎಳಿ ಆಗತೈತಿ. ಇದು ಬದನಿಕಾಯಿ ಹೆಚ್ಚಿದಂಗ ಐತಿ.”

“ಅಂವಾ ಮತ್ತೇನ ಅಂದಾನು? ತನ್ನ ತಪ್ಪ ತಾನ ಹೇಳತಾನೇನ್ರಿ?”

ಮೇಡಂ ಇಬ್ಬರನ್ನೂ ನೋಡಿದರು. ಇವನ ಮಾತು ಅವನ ಮಾತಿಗೆ ಎದುರಾಗಿ ನಿಂತಿತ್ತು, ಮತ್ತು ಕುರ್ಚಿಯಲ್ಲಿದ್ದವನ ಮಾತೇ ಭಾರ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಲಗಮಪ್ಪ ತಲೆ ತಗ್ಗಿಸಿ, ಸುಮ್ಮನೆ ಅಭ್ಯಾಸಬಲದಿಂದ, ನನ್ನೊಳಗೆ ಬೆರಳಿಟ್ಟ. ಬೆರಳನ್ನು ಹೊರತೆಗೆದು ನೋಡಿದ. ಆಮೇಲೆ ಮೇಜಿನ ಮೇಲೆ ಮುದ್ರೆ ಒಡೆದು ಇಟ್ಟಿದ್ದ ಪಿಸ್ತೂಲನ್ನು ನೋಡಿದ. ಅದರ ಗೀರುಗಳಲ್ಲಿ ಕೆಂಪು, ಮೈಮೇಲೆ ಕೊರೆದ ಅಕ್ಷರಗಳಲ್ಲಿ ವಿಭೂತಿಯ ಬಿಳುಪು ಇನ್ನೂ ಕೂತಿದ್ದವು.

“ಸಾವಕಾರ್ರ, ಪೂಜಿ ಆದಮ್ಯಾಲ ಇದನ್ನ ಒರಸಿದ್ರೇನು?”

ಸಾವಕಾರನಿಗೆ ಸಿಟ್ಟೇ ಬಂತು. “ಖಂಡೆಪೂಜಿ ಕುಂಕುಮ ಯಾರರ ಒರಸ್ತಾರೇನೋ? ಹಂಗೇ ತಗೊಂಡು ಒರಿಗೆ ಹಾಕ್ಕೊಂಡೆ.”

“ಹಂಗಾರ ಇದರ ಹೊಟ್ಯಾಗ ಕುಂಕುಮ ಎಲ್ಲೈತ್ರಿ?”

ಮೇಡಂ ಎದ್ದು ಬಂದರು. ಬಿಳಿ ಬಟ್ಟೆಯ ತುಂಡನ್ನು ನನ್ನೊಳಗೆ ತಳ್ಳಿ ತಿರುವಿ ಹೊರತೆಗೆದರು. ಹಳೆಯ ಎಣ್ಣೆಯ ಕಪ್ಪು ಹತ್ತಿತ್ತು, ಹಿಂದಿನ ವರ್ಷಗಳ ಕುಂಕುಮವೂ ಅದರಲ್ಲೇ ಕಪ್ಪಾಗಿ ಹೋಗಿತ್ತು; ಹೊಸ ಕೆಂಪು ಎಲ್ಲೂ ಇರಲಿಲ್ಲ. ಅದೇ ಬಟ್ಟೆಯ ಇನ್ನೊಂದು ತುದಿಯನ್ನು ಪಿಸ್ತೂಲಿಗೆ ತಾಗಿಸಿದರು. ಕೆಂಪಾಯಿತು. ಎರಡು ತುದಿಗಳನ್ನೂ ರೈಟರ್‌ನ ಮುಂದೆ ಹಿಡಿದು, “ಬರಕೊ,” ಅಂದರು.

ಸಾವಕಾರ ನನ್ನ ಕಡೆ ತಿರುಗಿದ. “ನಾಕ ವರ್ಷ ಸ್ವಂಟದಾಗ ಇಟಗೊಂಡಿದ್ನೆಲ್ಲೋ,” ಎಂದ. ಯಾರಿಗೆ ಹೇಳಿದನೋ. ನನಗೇ ಇರಬೇಕು. ದ್ರೋಹ ಮಾಡಿದ್ದು ನಾನು ಎಂಬಂತೆ ಇತ್ತು ಆ ದನಿ. ನನ್ನಲ್ಲಿ ಕುಂಕುಮವಿಲ್ಲದಂತೆ ಮಾಡಿದವನೂ ಅವನೇ ಎಂದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಹೊರಡುವ ಮುಂಚೆ ಲಗಮಪ್ಪ ಜೇಬಿನಿಂದ ಮೇಣ ಹಚ್ಚಿದ ದಾರ, ಸೂಜಿ ತೆಗೆದ. ಬರುವಾಗಲೇ ತಂದಿದ್ದ. “ಮೇಡಂ, ಹೊಲದ ಕೊಡಲೇನು? ಎರಡು ನಿಮಿಷದ ಕೆಲಸ.”

“ಬ್ಯಾಡ ಅಜ್ಜಾರ. ಆ ಕೊಯ್ತನ ಸಾಕ್ಷಿ. ಹಂಗೇ ಇರಬೇಕು.”

“ನಾ ಮಾಡಿದ್ದು ಹಿಂಗ ಬಾಯಿ ತಕ್ಕೊಂಡು ಕುಂತದ್ದು ನೋಡಾಕ ಆಗವಲ್ದರಿ.”

“ಬ್ಯಾಡ್ರಿ.”

ಅವನು ಸೂಜಿಗೆ ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ಹೋಗುವಾಗ ಕೊಯ್ದ ತುದಿಗಳೆರಡನ್ನೂ ಒಂದರ ಪಕ್ಕ ಒಂದು ಕೂಡಿಸಿ, ಹೆಬ್ಬೆರಳಿಂದ ಒತ್ತಿ ಇಟ್ಟು ಹೋದ. ಬೆರಳು ತೆಗೆದ ಕೂಡಲೇ ಅವು ಬೇರೆಯಾದವು.

ಈಗ ನಾನು ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ಕೇಸಿಗೆ ಸಂಬಂಧಪಟ್ಟ ಸಾಮಾನುಗಳನ್ನು ಇಡುವ ಜಾಗ ಇದು. ಕುತ್ತಿಗೆಗೆ ನಂಬರಿನ ಚೀಟಿ ಕಟ್ಟಿದ್ದಾರೆ. ಒಂದು ಕಡೆ ತುಕ್ಕು ಹಿಡಿದ ಕುಡುಗೋಲು, ಇನ್ನೊಂದು ಕಡೆ ಯಾರದೋ ಸೈಕಲ್ಲಿನ ಗಂಟೆ. ಪಿಸ್ತೂಲು ಮೇಲಿನ ಹಲಗೆಯಲ್ಲಿದೆ, ಬೇರೆ ಪೊಟ್ಟಣದಲ್ಲಿ. ಸಂಗನಬಸು ಕುಂಟುತ್ತ ನಡೆಯುತ್ತಾನಂತೆ. ಸಾವಕಾರನ ಲೈಸೆನ್ಸು ಹೋಯಿತಂತೆ. ಚಪ್ಪಲಿ ಬೇಡ ಅಂದವರು ಮತ್ತೆ ಲಗಮಪ್ಪನ ಕಟ್ಟೆಗೆ ಹೋದರೋ ಇಲ್ಲವೋ, ಅದನ್ನು ಇಲ್ಲಿ ಯಾರೂ ಮಾತಾಡುವುದಿಲ್ಲ.

ಕೆಲವೊಮ್ಮೆ ಆ ಅರ್ಧ ಚಾಚಿದ ಕೈ ನೆನಪಾಗುತ್ತದೆ. ಚಾಕುವಿಗಿಂತ ಅದೇ ಹೆಚ್ಚು ನೋಯುತ್ತದೆ. ಕೈ ಇನ್ನೊಂದು ಗೇಣು ಮುಂದೆ ಬಂದಿದ್ದರೆ ಸಾಕಿತ್ತು. ನನ್ನೊಳಗೆ ಇನ್ನೂ ಪಿಸ್ತೂಲಿನ ಆಕಾರ ಹಾಗೇ ಇದೆ, ಅಳಿಸಲು ನನಗೆ ಬರುವುದಿಲ್ಲ. ಆದರೆ ಈಗೀಗ ನನಗೆ ನಾನೇ ಒಂದು ಮಾತು ನೆನಪಿಸಿಕೊಳ್ಳುತ್ತೇನೆ: ಈ ಆಕಾರ ಅದರದಲ್ಲ. ನಾನು ಒದ್ದೆಯಾಗಿದ್ದಾಗ ಮೊದಲು ಅಪ್ಪಿಕೊಂಡದ್ದು ಲಗಮಪ್ಪ ಕೆತ್ತಿದ ಆ ಕಟ್ಟಿಗೆಯ ಪಿಸ್ತೂಲನ್ನು. ಅದು ಅವನ ಮನೆಯ ಗೂಡಿನಲ್ಲಿ ಈಗಲೂ ಇರಬಹುದು. ಮುಂದಿನ ಖಂಡೆಪೂಜೆಯ ಹೊತ್ತಿಗೆ ಅವನು ಮತ್ತೆ ರಂಪಿ ಮುಟ್ಟಿದ್ದರೆ, ತಾಯವ್ವ ಆ ಕಟ್ಟಿಗೆಯ ಪಿಸ್ತೂಲಿಗೂ ಒಂದು ಬೊಟ್ಟು ಕುಂಕುಮ ಇಟ್ಟಾಳು.