ಅಂಗಿಯ ಜೇಬಿನ ಒಟ್ಟುಪಾಲು

ಶನಿವಾರ ಹತ್ತು ಗಂಟೆಯ ಹೊತ್ತಿಗೆ ರಬ್ಬರ್ ಹಾಳೆಗಳನ್ನು ಒಣಗಲು ಹಾಕಿ ತ್ರೇಸ್ಯಾಮ್ಮ ಒಳಗೆ ಬಂದರೆ, ವಾಷಿಂಗ್ ಮಷೀನಿನ ಮುಂದೆ ಗಂಡ ಪೌಲೋಸ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಸೊಸೆ ರಿನ್ಸಿ ಕುಕ್ಕರುಗಾಲಿನಲ್ಲಿ ಕೂತು ಗಾಜಿನ ಬಾಗಿಲನ್ನು ಎಳೆಯುತ್ತಿದ್ದಳು. ಬಾಗಿಲು ಬರುತ್ತಿರಲಿಲ್ಲ. ಒಳಗೆ ಅರ್ಧದಷ್ಟು ನೀರು. ನೀರಿನಲ್ಲಿ, ನಾಳೆ ಇಗರ್ಜಿಗೆ ಉಡಬೇಕಾದ ಪೌಲೋಸನ ಬಿಳಿ ಮುಂಡು. ಮುಂಡಿಗೆ ಸುತ್ತಿಕೊಂಡು, ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗಿಗೆ ತ್ರೇಸ್ಯಾಮ್ಮ ಹಾಕುವ ಅಂಗಿ. ಮಷೀನಿನ ಮೇಲ್ಪಟ್ಟಿಯಲ್ಲಿ, ಏನೋ ಕೆಟ್ಟಿದೆ ಎಂದು ಎರಡು ಇಂಗ್ಲಿಷ್ ಅಕ್ಷರಗಳು ಮಿನುಗುತ್ತಿದ್ದವು.

ಆ ಅಂಗಿ ಅಲ್ಲಿರಬಾರದಿತ್ತು. ರಬ್ಬರಿನ ಹುಳಿವಾಸನೆಯ ಬಟ್ಟೆಗೆ ಹಿತ್ತಿಲ ಒಗೆಯುವ ಕಲ್ಲೇ ಗತಿ ಎಂದು ಪೌಲೋಸ್ ಮೊದಲ ದಿನವೇ ಹೇಳಿದ್ದ. ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ರಿನ್ಸಿ ತನ್ನ ಸಂಬಳದಲ್ಲಿ ಕೊಂಡ ಮಷೀನು ಅದು. ಅತ್ತೆ ಬಗ್ಗಿ ಒಗೆಯುವುದನ್ನು ನೋಡಲಾರದೆ, ರಜೆಯ ದಿನವೆಂದು ಅವಳೇ ಎಲ್ಲವನ್ನೂ ಒಟ್ಟಿಗೆ ತುಂಬಿದ್ದಳು.

"ರಬ್ಬರ್ ಸಿಕ್ಕಿರುದು ಅದಕ್ಕೆ, ಬೇರೆಂತ ಅಲ್ಲ," ಎಂದ ಪೌಲೋಸ್. ಸ್ವರದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. "ಇದರೊಳಗಿಂದ ರಬ್ಬರ್ ಬಂದ್ರೆ ನಿನ್ನ ಟ್ಯಾಪಿಂಗ್ ಇವತ್ತಿಗೆ ಮುಗೀತು, ತ್ರೇಸ್ಯಾ. ಸೋಮವಾರದಿಂದ ಕತ್ತಿ ಮುಟ್ಟುದು ಬೇಡ."

"ಬಾರದಿದ್ರೆ?"

"ಬಾರದಿದ್ರೆ ಆಮೇಲೆ ನೋಡುವ."

ಅವನು ಇಂಥದ್ದೊಂದು ನೆಪಕ್ಕೆ ಎರಡು ತಿಂಗಳಿಂದ ಕಾದಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಟ್ಯಾಪಿಂಗಿಗೆ ಬರುತ್ತಿದ್ದ ಡೊಂಬಯ್ಯ ಮಂಡಿನೋವೆಂದು ಬಿಟ್ಟಾಗ, ಈ ವರ್ಷ ಮರಗಳಿಗೆ ರಜೆ ಎಂದು ಪೌಲೋಸ್ ತೀರ್ಮಾನಿಸಿದ್ದ. ಮರುದಿನ ಬೆಳಕು ಹರಿಯುವ ಮೊದಲೇ ತ್ರೇಸ್ಯಾಮ್ಮ ಹಣೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತಿದ್ದಳು. ನೆಲ್ಯಾಡಿಯ ತವರಿನಲ್ಲಿ ಅವಳಿಗೆ ಹದಿನಾಲ್ಕು ತುಂಬುವಾಗ ಅಪ್ಪ ಕಲಿಸಿದ ಕೆಲಸ. ಮದುವೆಯಾಗಿ ಇಚಿಲಂಪಾಡಿಗೆ ಬಂದ ವಾರದಲ್ಲೇ ಅತ್ತೆ, ನಮ್ಮ ಮನೆಯ ಹೆಂಗಸರು ಕತ್ತಿ ಹಿಡಿದು ಗುಡ್ಡಕ್ಕೆ ಹೋಗುವ ಕ್ರಮವಿಲ್ಲ ಎಂದಿದ್ದರು. ಮೂವತ್ತೊಂದು ವರ್ಷ ಅವಳು ಹೋಗಲಿಲ್ಲ. ಆದರೆ ಮೊದಲ ಮರಕ್ಕೆ ಕತ್ತಿ ತಾಗಿಸಿದಾಗ ಬೆರಳುಗಳು ಏನನ್ನೂ ಮರೆತಿರಲಿಲ್ಲ. ತೊಗಟೆ ತೆಳ್ಳಗೆ ಸುರುಳಿಯಾಗಿ ಬಿತ್ತು, ಹಾಲು ಸಾಲಿಗುಂಟ ಇಳಿಯಿತು. ಆ ಮುನ್ನೂರು ಮರಗಳ ನಡುವೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕನ್ನಡಕ ಎಲ್ಲಿ, ಚಹಾ ಆಯಿತಾ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯೊಳಗೆ ಇಷ್ಟು ವರ್ಷ ಸಿಗದ ಒಂದು ಕೋಣೆ ಅವಳಿಗೆ ಅಲ್ಲಿ ಸಿಕ್ಕಿತ್ತು. ಅದನ್ನು ಒಂದು ಮಷೀನಿನ ಎರಡಕ್ಷರಕ್ಕೆ ಬಿಟ್ಟುಕೊಡಬೇಕೆ?

ರಿಪೇರಿಯ ಸಿದ್ದೀಕನಿಗೆ ಫೋನು ಮಾಡಿದರೆ, ಅವನು ಸುಬ್ರಹ್ಮಣ್ಯದ ಲಾಡ್ಜೊಂದರಲ್ಲಿ ಇನ್ಯಾವುದೋ ಮಷೀನು ಬಿಚ್ಚಿ ಕೂತಿದ್ದ. ಸೋಮವಾರದವರೆಗೆ ಬರುವ ಹಾಗಿಲ್ಲವಂತೆ. ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಮತ್ತೆ ಹಾಕಿ ನೀರು ಹೊರಗೆ ಹೋಗುವ ಬಟನ್ ಮಾತ್ರ ಒತ್ತಿ ಎಂದ. ಹಾಗೇ ಮಾಡಿದರು. ಮಷೀನು ಒಂದು ಕ್ಷಣ ಗುಂಯ್ ಎಂದಿತು, ನೀರು ಅಲುಗಲಿಲ್ಲ, ಅದೇ ಅಕ್ಷರಗಳು ಮತ್ತೆ ಬಂದವು. ತ್ರೇಸ್ಯಾಮ್ಮ ಇನ್ನೊಮ್ಮೆ ಫೋನು ಮಾಡಿದಳು.

"ಗುಂಯ್ ಅಂತದಲ್ಲ, ಹಾಗಾದ್ರೆ ಪಂಪಿಗೆ ಜೀವ ಉಂಟು ಅಕ್ಕ," ಎಂದ ಸಿದ್ದೀಕ್. "ಗಂಟಲಲ್ಲಿ ಎಂತದೋ ಸಿಕ್ಕಿದೆ. ಕೆಳಗೆ ಬಲಬದಿ ಒಂದು ಸಣ್ಣ ಮುಚ್ಚಳ ಉಂಟು ನೋಡಿ. ಪ್ಲಗ್ ತೆಗೆದೇ ಕೈ ಹಾಕುದು, ಆಯ್ತಾ?"

ಅದನ್ನೆಲ್ಲ ಮುಟ್ಟುವುದು ಬೇಡ, ಮೆಕ್ಯಾನಿಕ್ ಬರಲಿ ಎಂದು ಪೌಲೋಸ್ ತಡೆದ. ಫೋನಿನಲ್ಲಿರುವುದು ಮೆಕ್ಯಾನಿಕ್ಕೇ ಎಂದು ತ್ರೇಸ್ಯಾಮ್ಮ ಪ್ಲಗ್ ಕಿತ್ತು ನೆಲಕ್ಕೆ ಕೂತಳು. ಅವನು ಪೇಪರ್ ಹಿಡಿದು ಜಗಲಿಗೆ ಹೋದ.

ಮುಚ್ಚಳದ ಹಿಂದೆ ಬೆರಳುಗಾತ್ರದ ರಬ್ಬರ್ ನಳಿಕೆ, ಅದರ ಬದಿಯಲ್ಲಿ ತಿರುಗಿಸುವ ಬಿರಡೆ. ಮೊದಲು ನಳಿಕೆಯಿಂದ ನೀರಿಳಿಸಿದರು. ಅವಳು ತಟ್ಟೆ ಹಿಡಿಯುವುದು, ರಿನ್ಸಿ ಬಾಲ್ದಿಗೆ ಸುರಿಯುವುದು. ಹದಿನೈದು ತಟ್ಟೆ ತುಂಬಿದ ಮೇಲೆ ನೀರು ನಿಂತಿತು. ಬಿರಡೆ ಬಿಗಿದುಕೊಂಡಿತ್ತು. ಗಟ್ಟಿಯಾದ ಭರಣಿಯ ಮುಚ್ಚಳಕ್ಕೆ ಮಾಡುವಂತೆ ಬಟ್ಟೆ ಸುತ್ತಿ ತಿರುಗಿಸಿದಳು. ಬಂತು. ಅದರ ಜಾಲರಿಗೆ ಅಂಟಿಕೊಂಡು, ನಿಂಬೆಹಣ್ಣಿನಷ್ಟು ದೊಡ್ಡ, ಕಂದುಬಣ್ಣದ ಒಂದು ಉಂಡೆಯೂ ಬಂತು.

ಒಟ್ಟುಪಾಲು. ಮರದ ಗಾಯದ ಮೇಲೆ ಹಾಲು ಒಣಗಿ ಆಗುವ ದಾರ. ಮರುದಿನ ಕೆತ್ತುವ ಮೊದಲು ಅದನ್ನು ಎಳೆದು ಬುಟ್ಟಿಗೆ ಹಾಕಬೇಕು. ನಿನ್ನೆ ಬುಟ್ಟಿಯನ್ನು ಕೆಳಗಿನ ಸಾಲಿನಲ್ಲಿ ಮರೆತು ಬಂದಿದ್ದಳು. ಎಳೆದದ್ದನ್ನೆಲ್ಲ ಅಂಗಿಯ ಜೇಬಿಗೆ ತುರುಕಿದ್ದು ಈಗ ನೆನಪಾಯಿತು.

ರಿನ್ಸಿ ಜಗಲಿಯ ಕಡೆ ನೋಡಿ, ಉಂಡೆಯನ್ನು ಅತ್ತೆಯ ಕೈಯಿಂದ ತೆಗೆದು ಮುಷ್ಟಿಯಲ್ಲಿ ಮುಚ್ಚಿದಳು.

"ಕಾಲುಚೀಲ ಸಿಕ್ಕಿತ್ತು ಅಂತ ಹೇಳುವ ಅಮ್ಮಚ್ಚಿ. ನಂದೇ ಅಂತ ಹೇಳ್ತೇನೆ."

ತ್ರೇಸ್ಯಾಮ್ಮ ಮತ್ತೆ ಮಷೀನಿನ ಕಡೆಗೆ ಬಗ್ಗಿದಳು. ಬೆರಳನ್ನು ಒಳಗೆ ಹಾಕಿ ಪಂಪಿನ ಪುಟ್ಟ ಚಕ್ರವನ್ನು ಹುಡುಕಿದಳು. ಚಕ್ರಕ್ಕೆ ಇನ್ನೊಂದೆಳೆ ಸುತ್ತಿತ್ತು. ಮರದಿಂದ ಎಳೆಯುವಷ್ಟೇ ನಾಜೂಕಾಗಿ, ತುಂಡಾಗದಂತೆ ಎಳೆದು ತೆಗೆದಳು. ಚಕ್ರ ತಿರುಗಿತು. ಕೈ ಕೆಲಸ ಮಾಡುತ್ತಿರುವಾಗ ಮನಸ್ಸು ಸೊಸೆಯ ಮಾತಿನ ಸುತ್ತಲೇ ಇತ್ತು. ಸುಳ್ಳು ಸಣ್ಣದು, ಸುಲಭದ್ದು. ಆದರೆ ಕದ್ದು ಉಳಿಸಿಕೊಂಡರೆ ನಾಳೆಯಿಂದ ಗುಡ್ಡಕ್ಕೆ ಹೋಗುವುದೂ ಕದ್ದಂತೆಯೇ. ಇನ್ನೊಂದು ಉಂಡೆ ಸಿಕ್ಕುವ ದಿನದವರೆಗೆ ಹೆದರಿಕೊಂಡು ಹೋಗುವುದು. ಹಾಗೆ ಹೆದರಿ ಕಳೆದ ವರ್ಷಗಳೇನು ಕಡಿಮೆಯೇ?

ಬಿರಡೆ ಬಿಗಿದಳು. ಪ್ಲಗ್ ಹಾಕಿ ಸಿದ್ದೀಕ್ ಹೇಳಿದ ಬಟನನ್ನು ಈ ಸಲ ತಾನೇ ಒತ್ತಿದಳು. ಅಷ್ಟರಲ್ಲಿ ಬಟ್ಟೆಗಳಿಂದ ಇಳಿದಿದ್ದ ನೀರು ಗಳಗಳ ಎಂದು ಮೋರಿಗೆ ಬಿತ್ತು. ಅಕ್ಷರಗಳು ಅಳಿಸಿಹೋದವು, ಬಾಗಿಲು ಟಕ್ಕೆಂದು ಬಿಟ್ಟುಕೊಂಡಿತು. ಅವಳು ಒದ್ದೆ ಅಂಗಿಯನ್ನು ಎಳೆದುಕೊಂಡಳು. ರಿನ್ಸಿಯ ಮುಂದೆ ಕೈ ಚಾಚಿದಳು.

"ಕೊಡು ಮಗಾ ಅದನ್ನು."

ಜಗಲಿಯಲ್ಲಿ ಪೌಲೋಸನ ಪೇಪರಿನ ಮೇಲೆಯೇ ಉಂಡೆಯನ್ನಿಟ್ಟಳು.

"ರಬ್ಬರೇ. ನನ್ನ ಜೇಬಿಂದೇ ಹೋದದ್ದು."

ಹುಡುಕಿ ಹಿಡಿಯಬೇಕೆಂದಿದ್ದದ್ದು ತಾನಾಗಿಯೇ ಮಡಿಲಿಗೆ ಬಿದ್ದಾಗ ಪೌಲೋಸ್ ಸ್ವಲ್ಪ ತಬ್ಬಿಬ್ಬಾದ. "ಹಾಗಾದ್ರೆ ಮಾತು ಮುಗೀತಲ್ಲ," ಎಂದ.

"ಅದು ನಿಮ್ಮ ಮಾತು. ನಾನು ಆಯ್ತು ಅಂತ ಹೇಳಿರ್ಲಿಲ್ಲ." ಅವಳು ಅಂಗಿಯನ್ನು ಕೊಡವಿ ಅವನ ಮುಂದೆ ಹಿಡಿದಳು. "ಇದು ಯಾರ ಅಂಗಿ?"

ಅವನದೇ. ಹರಿಯಿತೆಂದು ಅವನು ಬಿಟ್ಟದ್ದು. ಬೆನ್ನಿಗೆ, ತೋಳಿಗೆ ಅಡಿಕೆಮರಕ್ಕೆ ಸಿಂಪಡಿಸುವ ಮೈಲುತುತ್ತಿನ ನೀಲಿ ಕಲೆ, ಯಾವ ಸೋಪಿಗೂ ಹೋಗದೆ ಕೂತದ್ದು.

"ಮೂವತ್ತೊಂದು ಮಳೆಗಾಲ ಈ ನೀಲಿಯನ್ನು ಕಲ್ಲಿಗೆ ಬಡಿದಿದ್ದೇನೆ. ಬೆರಳಿನ ಸಿಪ್ಪೆ ಎದ್ದು ಹೋಗ್ತಿತ್ತು. ಬಟ್ಟೆಗೆ ಕಲೆ ಆಗ್ತದೆ, ಅಡಿಕೆಗೆ ಮದ್ದು ಬಿಡುದು ನಿಲ್ಸಿ ಅಂತ ಒಂದು ದಿನ ಹೇಳಿದ್ದೇನಾ?"

ಪೌಲೋಸ್ ಅಂಗಿಯನ್ನು ನೋಡಿದ, ಉಂಡೆಯನ್ನು ನೋಡಿದ. ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಲಿಲ್ಲ. ಉಂಡೆಯನ್ನು ಬೆರಳಿನಿಂದ ಒತ್ತುತ್ತ ಕೇಳಿದ, "ಮಷೀನು ಇನ್ನೊಮ್ಮೆ ನಿಂತ್ರೆ?"

"ನಿಂತ್ರೆ ಇನ್ನೊಮ್ಮೆ ಬಿಚ್ಚುದು. ಹೇಗಂತ ಗೊತ್ತಾಯ್ತಲ್ಲ."

ಅವನು ಉಂಡೆಯನ್ನು ಬದಿಗೆ ತಳ್ಳಿ ಪೇಪರ್ ಎತ್ತಿಕೊಂಡ. ಸರಿ ಎಂದು ಅವನು ಹೇಳಲಿಲ್ಲ. ಅವಳು ಅದಕ್ಕೆ ಕಾಯಲೂ ಇಲ್ಲ.

ಮುಂಡನ್ನು ಅಂಗಳದ ಹಗ್ಗಕ್ಕೆ ಹಾಕಿದಳು. ಅಂಗಿಯನ್ನು ಇಷ್ಟು ದಿನ ಯಾರಿಗೂ ಕಾಣದಂತೆ ಕೊಟ್ಟಿಗೆಯ ಹಿಂದೆ ಒಣಗಿಸುತ್ತಿದ್ದವಳು, ಇಂದು ಜೇಬನ್ನು ಹೊರಗೆ ಮಗುಚಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಮುಂಡಿನ ಪಕ್ಕಕ್ಕೇ ಹರವಿದಳು. ಉಂಡೆಯನ್ನು ಒಟ್ಟುಪಾಲಿನ ಗೋಣಿಗೆ ಎಸೆದಳು. ಅದಕ್ಕೂ ಬೆಲೆ ಉಂಟು. ಆಮೇಲೆ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಜಗಲಿಯ ಮೆಟ್ಟಿಲಲ್ಲೇ ಕೂತು ಸೋಮವಾರಕ್ಕೆ ಕತ್ತಿ ಮಸೆಯತೊಡಗಿದಳು.