ಫಿಲ್ಟರ್ ತೊಳೆಯುವ ಹೊತ್ತು

ಹದಿಮೂರೇಳ್ಲ ಎನ್ನುವಲ್ಲಿಗೆ ಹುಡುಗಿ ಮತ್ತೆ ನಿಂತಳು.

ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ, ಯಂತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ಫೋರ್ಮನ್ ಉಸಿರು ಬಿಗಿಹಿಡಿದ. ಆಗಷ್ಟೇ ಎಳೆದು ತೆಗೆದ ಫಿಲ್ಟರ್ ಅವನ ತೊಡೆಯ ಮೇಲಿತ್ತು. ಗಾಳಿ ಊದುವ ಬ್ಲೋವರ್ ಆರಿತ್ತು. ಫಿಲ್ಟರ್ ಇದ್ದ ಜಾಗದಲ್ಲಿ ಚೌಕನೆಯ ಕತ್ತಲೆ. ಅದರೊಳಗಿಂದ, ತಗಡಿನ ಕೊಳವೆ ಇಳಿದುಕೊಂಡು, ಮೇಲಿನ ಮನೆಯ ಸಂಜೆ ಕೆಳಗೆ ಬರುತ್ತಿತ್ತು: ಪಾತ್ರೆಯ ಸದ್ದು, ಕುರ್ಚಿ ಎಳೆದ ಸದ್ದು, ತಮ್ಮನ ಮಗಳ ಮಗ್ಗಿ.

"ಹದಿಮೂರಾರ್ಲ ಎಪ್ಪತ್ತೆಂಟು. ಹದಿಮೂರೇಳ್ಲ... ಹದಿಮೂರೇಳ್ಲ..."

"ಮೂರು ದಿನದಿಂದ ಅದೇ ಗುಂಡೀಲಿ ಬೀಳ್ತಿದೀಯಲ್ಲೇ," ಎಂದಳು ತಮ್ಮನ ಹೆಂಡತಿ. "ಮೊದಲಿಂದ ಹೇಳು."

ಮನೆ ಪಾಲಾಗಿ ನಾಲ್ಕು ವರ್ಷವಾಗಿತ್ತು. ಕೆಳಗಿನದು ಅಣ್ಣನಿಗೆ, ಮೇಲಿನದು ತಮ್ಮನಿಗೆ. ಮಂಚ, ಬೀರು, ತೀರಿಹೋದ ಅಮ್ಮನ ಕಂಬಳಿಗಳು ಎಲ್ಲವೂ ಹಂಚಿಹೋದವು. ಯಂತ್ರವನ್ನು ಮಾತ್ರ ಹಂಚಲಾಗಲಿಲ್ಲ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಊದುವ ಆ ಹಳೆಯ ಪೆಟ್ಟಿಗೆ ಕೆಳಗಿನ ಪಾಲಿನಲ್ಲಿ ನಿಂತುಕೊಂಡು ಎರಡು ಮನೆಗೂ ಒಂದೇ ಗಾಳಿ ಕೊಡುತ್ತಿತ್ತು. ಅಣ್ಣ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಬೀದಿಯವರು ಈಗಲೂ ಫೋರ್ಮನ್ ಎಂದೇ ಕರೆಯುತ್ತಿದ್ದರು. ಯಂತ್ರದ ಚಾಕರಿ ಅವನ ಪಾಲಿಗೆ ಬಂತು. ಪಾಲಾದ ದಿನ ತಮ್ಮ ಒಂದು ಮಾತು ಅಂದಿದ್ದ: "ಅಮ್ಮನ್ನ ನೀನು ನೋಡ್ಕೊಂಡಿದ್ದೂ ಮಿಷನ್ ನೋಡ್ಕೊಂಡ ಹಾಗೇ. ಹೊತ್ತಿಗೆ ಸರಿಯಾಗಿ ಎಣ್ಣೆ ಬಿಟ್ಟೆ, ಅಷ್ಟೆ." ಆಮೇಲೆ ಇಬ್ಬರಿಗೂ ಮಾತೇ ಬೇಕಾಗಲಿಲ್ಲ.

ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದರೆ ಧಾರಾಳವಾಯಿತು. ಮೊದಮೊದಲು ಅವನೂ ಹಾಗೇ ಮಾಡುತ್ತಿದ್ದ. ಒಂದು ಸಂಜೆ ಬ್ಲೋವರ್ ಆರಿಸಿ ಫಿಲ್ಟರ್ ಎಳೆದ ಹೊತ್ತಿಗೆ ಸರಿಯಾಗಿ ಮೇಲೆ ಯಾರೋ ನಕ್ಕರು; ಕಿವಿಯ ಪಕ್ಕದಲ್ಲೇ ಕೂತು ನಕ್ಕಂತೆ ಕೇಳಿಸಿತು. ಆಮೇಲೆ ತಿಂಗಳು ವಾರಕ್ಕಿಳಿಯಿತು, ವಾರ ದಿನಕ್ಕಿಳಿಯಿತು. ತೊಳೆಯಲು ಕೊಳೆಯೇ ಇಲ್ಲದ ಫಿಲ್ಟರಿಗೆ ಅವನು ಶಾಸ್ತ್ರಕ್ಕೆ ನೀರು ತೋರಿಸಿ, ಅರ್ಧ ಗಂಟೆ ಅಲ್ಲೇ ಕೂರುತ್ತಿದ್ದ.

"ನಮ್ಮ ಭಾವನೋರಿಗೆ ಸಂಜೆ ಆದ್ರೆ ಮಿಷನ್ ಆರಿಸೋ ಚಟ," ಎಂದು ತಮ್ಮನ ಹೆಂಡತಿ ಮೇಲೆ ಗೊಣಗುತ್ತಿದ್ದಳು. "ನಾವು ಸೆಕೇಲಿ ಬೇಯ್ಲಿ ಅಂತ."

"ಹೋಗ್ಲಿ ಬಿಡು. ಅದು ಬಿಟ್ರೆ ಅವನಿಗೆ ಇನ್ಯಾರಿದಾರೆ," ಎಂದು ತಮ್ಮ.

ಇವೆಲ್ಲ ಫೋರ್ಮನ್ ಕಿವಿಗೆ ಬೀಳುತ್ತಿದ್ದವು. ಬೈದರೂ ಬೈಯುವಷ್ಟು ಹೊತ್ತು ತನ್ನ ಸುದ್ದಿಯೇ ತಾನೆ? ಅಂಥ ದಿನ ಅವನಿಗೆ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

"ಹದಿಮೂರೇಳ್ಲ ತೊಂಬತ್ತು?" ಎಂದಳು ಹುಡುಗಿ ಮೇಲಿನಿಂದ.

"ತೊಂಬತ್ತಾ?"

"ತೊಂಬತ್ಮೂರು?"

"ತೊಂಬತ್ತೊಂದು ಕಣೇ!" ಎಂದುಬಿಟ್ಟ ಫೋರ್ಮನ್.

ಬಾಯ್ಲರ್ ಮನೆಯ ಗದ್ದಲವನ್ನು ಮೀರಿಸಿ ಕೂಗಿ ಪಳಗಿದ ಗಂಟಲು. ತನ್ನ ಮಾತು ತಗಡನ್ನು ಬಡಿಯುತ್ತ ಹತ್ತಿಹೋದದ್ದು ಅವನಿಗೇ ಕೇಳಿಸಿತು.

"ಅಮ್ಮಾ, ಗೋಡೆಗೆ ಮಗ್ಗಿ ಬರುತ್ತೆ!" ಹುಡುಗಿ ನಕ್ಕು ಚಪ್ಪಾಳೆ ತಟ್ಟಿದಳು.

ಬೇರೆ ಯಾರೂ ನಗಲಿಲ್ಲ. ಹೆಜ್ಜೆಗಳು ಮೇಲೆ ಗಾಳಿ ಬರುವ ಜಾಲರಿಯ ಹತ್ತಿರ ಬಂದು ನಿಂತವು. ಯಾರೋ ಬಗ್ಗಿದರು. ಫೋರ್ಮನ್ ತಮ್ಮನ ಉಸಿರನ್ನು ಕೇಳಿದ. ತಮ್ಮ ಅವನದನ್ನು ಕೇಳಿರಬೇಕು. ಆಮೇಲೆ ಜಾಲರಿಗೆ ಬಟ್ಟೆ ತುರುಕುವ ಸದ್ದು ಬಂತು, ಅದರ ಹಿಂದೆ ಏನೂ ಬರಲಿಲ್ಲ.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದ. ನಲವತ್ತು ದಾಟಿದ, ಬಾಯಿ ಸುಮ್ಮನಿರದ ಆಸಾಮಿ.

"ಯಜಮಾನ್ರೇ, ಮೇಲಿನೋರು ಬೇರೆ ಮಿಷನ್ ಹಾಕಿಸ್ಕೊಳ್ತಿದಾರೆ. ಮೇಲಕ್ಕೆ ಹೋಗೋ ಈ ಕೊಳವೇನ ಇಲ್ಲೇ ಕತ್ತರಿಸಿ ಮುಚ್ಬೇಕು. ನಿಮ್ಮ ಪಾಲಲ್ಲಿರೋದು, ನೀವು ಹೂಂ ಅಂದ್ರೆ ಕೈ ಹಾಕ್ತೀನಿ."

"ಹೂಂ ಅನ್ನಲ್ಲ."

"ಯಾಕೆ? ಮಿಷನ್‌ಗೂ ಹೊರೆ ಕಮ್ಮಿ ಆಗುತ್ತೆ, ನಿಮಗೂ."

"ಇದು ಎರಡು ಮನೆಗೆ ಅಂತ ಕೂರಿಸಿದ್ದು. ಅರ್ಧ ಬಾಯಿ ಮುಚ್ಚಿದ್ರೆ ಗಾಳಿ ಹೋಗೋಕೆ ದಾರಿ ಇಲ್ದೆ ಒಳಗೆ ಮಂಜುಗಡ್ಡೆ ಕಟ್ಟುತ್ತೆ. ಅಷ್ಟೂ ಗೊತ್ತಿಲ್ವಾ?"

"ನಿಮ್ಮ ಹಾಲಲ್ಲಿ ಇನ್ನೆರಡು ಜಾಲರಿ ತೆರೆದ್ರೆ ಗಾಳಿ ಹಂಚಿಹೋಗುತ್ತೆ. ಮೀನಿಗೆ ಈಜು ಕಲಿಸ್ತೀರಲ್ಲ!" ಮೆಕ್ಯಾನಿಕ್ ನಕ್ಕು, ಫೋರ್ಮನ್ ಮುಖ ನೋಡಿ ನಗು ನಿಲ್ಲಿಸಿ, ಫೋನ್ ತೆಗೆದ. "ಸಾರ್, ಕೆಳಗಿನೋರು ಒಪ್ತಾ ಇಲ್ಲ."

ಹೊರಗಿನ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ತಮ್ಮ ಹೊಸ್ತಿಲ ಆಚೆಗೇ ನಿಂತ. ಗೇಟಿನ ಬಳಿ ದೂರದಿಂದ ಕಂಡದ್ದುಂಟು, ಇಷ್ಟು ಹತ್ತಿರದಿಂದ ಕಂಡು ನಾಲ್ಕು ವರ್ಷ. ಕಿವಿಯ ಪಕ್ಕದ ಕೂದಲೆಲ್ಲ ಬೆಳ್ಳಗಾಗಿತ್ತು. ದಿನಾ ಕೇಳುತ್ತಿದ್ದ ದನಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಸ್ಕ್ರೂ ಗಾಡೀಲೇ ಬಿಟ್ಟೆ," ಎಂದು ಯಾರೂ ಕೇಳದಿದ್ದರೂ ಹೇಳಿ ಮೆಕ್ಯಾನಿಕ್ ಹೊರಗೆ ಹೋದ.

"ಎಷ್ಟು ದಿನದಿಂದ?" ಎಂದ ತಮ್ಮ.

"ಏನೆಷ್ಟು ದಿನ?"

"ಕಿವಿ ಕೊಟ್ಟು ಕೂತಿರೋದು."

"ಫಿಲ್ಟರ್ ತೊಳೀತಿದ್ದೆ."

"ದಿನಾನೂ?"

"ಧೂಳು ಜಾಸ್ತಿ."

ತಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. "ಹೋದ ವರ್ಷ ನನ್ನ ಕೆಲಸ ಹೋಯ್ತಲ್ಲ. ಅವಳು ಮಗೂನ ಕರ್ಕೊಂಡು ತವರಿಗೆ ಹೋಗಿದ್ಲು. ಸಂಜೆ ನಾನೊಬ್ನೇ ಇದ್ದೆ. ಅವತ್ತೂ ಧೂಳಿತ್ತಾ?"

ಫೋರ್ಮನ್‌ಗೆ ಆ ಸಂಜೆ ನೆನಪಿತ್ತು. ಕೊಳವೆಯಲ್ಲಿ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಮೊದಲು ಅಂದುಕೊಂಡಿದ್ದ. ಗಾಳಿ ಹಾಗೆ ಬಿಕ್ಕುವುದಿಲ್ಲ ಎಂದು ಆಮೇಲೆ ತಿಳಿಯಿತು. ಎದ್ದು ಬಾಗಿಲ ತನಕ ಹೋಗಿದ್ದ, ಚಪ್ಪಲಿಯಲ್ಲಿ ಕಾಲನ್ನೂ ತೂರಿಸಿದ್ದ. ಮೇಲೆ ಹೋದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ, ಗೊತ್ತಾದರೆ ಕೊಳವೆ ಮುಚ್ಚಿಸುತ್ತಾನೆ. ಚಪ್ಪಲಿ ಬಿಟ್ಟು ವಾಪಸು ಬಂದು ಕತ್ತಲೆಯ ಚೌಕದ ಮುಂದೆ ಕೂತಿದ್ದ, ಮೇಲಿನ ಸದ್ದು ತಾನಾಗಿ ನಿಲ್ಲುವ ತನಕ.

"ಅವತ್ತು ತೊಳೀಲಿಲ್ಲ," ಎಂದ.

"ಸುಳ್ಳು ಹೇಳೋಕೂ ಬರಲ್ಲ ನಿಂಗೆ." ತಮ್ಮ ನೆಲ ನೋಡುತ್ತಿದ್ದ. "ಕದ್ದು ಕೇಳಿದ್ದಕ್ಕೆ ಅವಳಿಗೆ ಸಿಟ್ಟು. ನಂಗೆ ಅದಲ್ಲ. ಕೇಳಿಸ್ಕೊಂಡೂ ಮೇಲೆ ಬರ್ಲಿಲ್ವಲ್ಲ, ಅಣ್ಣ."

ಫೋರ್ಮನ್ ಧೂಳಿಲ್ಲದ ಯಂತ್ರದ ಮುಚ್ಚಳವನ್ನು ಅಂಗೈಯಿಂದ ಒರೆಸಿದ. ತಮ್ಮ ತಿರುಗಿ ಮೆಟ್ಟಿಲು ಹತ್ತಿದ, ನಡುವೆ ಒಮ್ಮೆ ನಿಂತು, ಮತ್ತೆ ಹತ್ತಿದ.

ಮೆಕ್ಯಾನಿಕ್ ಇಣುಕಿದ. "ಏನಂತೆ?"

"ಮುಚ್ಚು," ಎಂದ ಫೋರ್ಮನ್.

ಕೊಳವೆ ಕತ್ತರಿಸುವುದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೆಕ್ಯಾನಿಕ್ ತಗಡಿನ ಹಾಳೆಯೊಂದನ್ನು ಅಂದಾಜಿಗೆ ಕೊಯ್ದು ಕೊಳವೆಯ ಬಾಯಿಗಿಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಬಿಗಿದು ಕೈ ಕೊಡವಿಕೊಂಡ. ಫೋರ್ಮನ್ ಟಾರ್ಚ್ ಹಿಡಿದು ನೋಡಿದ. ಬಲಗಡೆ ಅಂಚು ಸರಿಯಾಗಿ ಕೂತಿರಲಿಲ್ಲ. ಕಿರುಬೆರಳು ತೂರುವಷ್ಟು ಸಂದಿ ಉಳಿದಿತ್ತು. ಅವನು ಮುಖವನ್ನು ಹತ್ತಿರ ಒಯ್ದ. ಮೇಲೆ ಜಾಲರಿಯ ಬಟ್ಟೆಯನ್ನು ಯಾರೋ ತೆಗೆದಿರಬೇಕು. ಹುಡುಗಿ ಯಾವುದೋ ಹಾಡನ್ನು ಪದಗಳಿಲ್ಲದೆ ಗುನುಗುತ್ತಿದ್ದಳು.

"ಇಲ್ಲಿ ಸೋರುತ್ತೆ," ಎಂದ.

"ಅಯ್ಯೋ, ಅಷ್ಟು ಸೋರಿದ್ರೆ ಏನೂ ಆಗಲ್ಲ ಯಜಮಾನ್ರೇ. ಯಾರು ನೋಡ್ತಾರೆ?"

ಹೌದು, ಯಾರೂ ನೋಡುವುದಿಲ್ಲ. ಮೆಕ್ಯಾನಿಕ್ ಸಾಮಾನು ಕಟ್ಟಿಕೊಂಡು ಮೇಲಕ್ಕೆ ಹೋದ ಮೇಲೂ ಫೋರ್ಮನ್ ಅಲ್ಲೇ ಇದ್ದ. ಹಾಡು ಒಂದು ಕಡೆ ತಪ್ಪಿತು, ಮೊದಲಿಂದ ಮತ್ತೆ ಶುರುವಾಯಿತು. ಅದು ಮುಗಿಯುವವರೆಗೆ ಕಾದು, ಅವನು ತನ್ನ ಹಳೆಯ ಪೆಟ್ಟಿಗೆ ತೆರೆದ. ಸ್ಕ್ರೂ ಸಡಿಲಿಸಿ ಹಾಳೆಯನ್ನು ಸರಿಸಿ ಕೂರಿಸಿದ. ನಾಲ್ಕು ಸಾಲದೆಂದು ಹನ್ನೆರಡು ಸ್ಕ್ರೂ ಹೊಡೆದ. ಅಂಚಿನುದ್ದಕ್ಕೂ ಮೇಣ ಮೆತ್ತಿ, ಮೇಲೆ ಪಟ್ಟಿ ಅಂಟಿಸಿ, ಹೆಬ್ಬೆರಳಿನಿಂದ ಇಂಚಿಂಚೂ ಒತ್ತಿಕೊಂಡು ಹೋದ. ಕೊನೆಗೆ ಕಿವಿಯಿಟ್ಟು ಪರೀಕ್ಷಿಸಿದ. ಕೆಲಸ ಚೊಕ್ಕವಾಗಿತ್ತು.

ವಾರ ಕಳೆಯಿತು. ಮೇಲಿನ ಮನೆಯ ಹೊಸ ಯಂತ್ರದ ಹೊರಪೆಟ್ಟಿಗೆಯನ್ನು ಬೇರೆ ಜಾಗವಿಲ್ಲದೆ ಹಿತ್ತಿಲ ಗೋಡೆಗೆ, ಫೋರ್ಮನ್‌ನ ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕೂರಿಸಿದ್ದರು. ಮಧ್ಯಾಹ್ನ ಅವನು ತನ್ನ ಒಂದು ತಟ್ಟೆ, ಒಂದು ಲೋಟ ತೊಳೆದು, ನೀರು ಚೆಲ್ಲಲು ಹೊರಗೆ ಬಂದ. ಬಿಸಿಲು ಗೋಡೆಯನ್ನು ಸುಡುತ್ತಿತ್ತು. ತಲೆಯ ಮೇಲಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಪೆಟ್ಟಿಗೆ ಒಮ್ಮೆ ನಡುಗಿತು, ಅದರ ಫ್ಯಾನು ತಿರುಗಿತು, ಮೇಲಿನ ಕೋಣೆಗಳಿಂದ ಹೀರಿದ ಬಿಸಿಯೆಲ್ಲ ಅವನ ಎದೆಗೆ ಬಂದು ಬಡಿಯಿತು.

ಫೋರ್ಮನ್ ಪಕ್ಕಕ್ಕೆ ಸರಿಯಲಿಲ್ಲ. ಒದ್ದೆ ಕೈಗಳನ್ನು ಆ ಗಾಳಿಗೆ ಚಾಚಿದ. ಕೈ ಒಣಗಿತು. ಅವನು ಕೈಯನ್ನು ತಿರುಗಿಸಿ ಹಿಡಿದು, ಹಾಗೇ ನಿಂತಿದ್ದ.