ಕಂಬದ ಬಳೆ

"ಕೈ ತೊಳ್ಕೊಂಡು ಮುಟ್ಟೇ ಅದನ್ನ! ಸರ್ಕಾರದ ಕಾಗದ ಅದು, ನಿಮ್ಮವ್ವನ ಸೆರಗಲ್ಲ."

ಎರಡು ಸಲ ತೊಳೆದಿದ್ದೆ. ಮೂರನೆಯ ಸಲ ತೊಳೆದು ಬಂದು, ಅಂಗೈ ಮುಂಗೈ ಎರಡನ್ನೂ ತೋರಿಸಿದ ಮೇಲೆ ಧಣಿ ಅರ್ಜಿಯನ್ನು ನನ್ನ ಮುಂದೆ ಎಸೆದ. ಅವನು ಜಗಲಿಯ ಕುರ್ಚಿಯಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ. ಅವನ ಕಾಲಿನ ಹೆಬ್ಬೆರಳು ಕಾಗದದ ಅಂಚಿಗೆ ತಾಗುತ್ತಿತ್ತು. ಆ ಹೆಬ್ಬೆರಳು ತೊಳೆದದ್ದೋ ಅಲ್ಲವೋ ಎಂದು ಕೇಳುವವರಿಲ್ಲ.

ಧಣಿಗೆ ಅಕ್ಷರ ಬರುತ್ತಿತ್ತು, ಬರೆಯಲು ಮೈ ಬಗ್ಗುತ್ತಿರಲಿಲ್ಲ. ಅವನ ಆಳುಗಳ ಪೈಕಿ ಹತ್ತನೇ ತರಗತಿ ಮುಗಿಸಿದವಳು ನಾನೊಬ್ಬಳೇ. ಹಾಗಾಗಿ ಬೆಳಿಗ್ಗೆ ಅವನ ದನದ ಸಗಣಿ ಬಾಚಿ, ಮಧ್ಯಾಹ್ನ ಅವನ ದೊಡ್ಡಸ್ತಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಸರ್ಕಾರ ಅನುದಾನ ಕೊಡುತ್ತದಂತೆ. ಧಣಿಯ ದೊಡ್ಡ ಕೊಟ್ಟಿಗೆಗೆ ನೂರೈವತ್ತು ವರ್ಷ. ಮೇಲೆ ಹುಲ್ಲಿನ ಅಟ್ಟ, ಮೂಲೆಯಲ್ಲಿ ಆಳುದ್ದದ, ತೊಡೆಯೆತ್ತರದ ಕಾಳಿನ ಪೆಟ್ಟಿಗೆ, ನಡುವೆ ಒಬ್ಬರ ತೆಕ್ಕೆಗೆ ಸಿಗದ ಮರದ ಕಂಬ. ದನಗಳನ್ನು ಆಗಲೇ ಹೊಸ ತಗಡಿನ ಚಪ್ಪರಕ್ಕೆ ಸಾಗಿಸಿಯಾಗಿತ್ತು.

"ಕಲಂ ಆರು. ಕಟ್ಟಡದ ಇತಿಹಾಸ," ಎಂದು ಓದಿದೆ.

"ಬರಿ. ನಮ್ಮ ಮುತ್ತಾತ ಕಟ್ಟಿಸಿದ್ದು. ಬಡವ್ರಿಗೆ ಕೈ ಎತ್ತಿ ಕಾಳು ಕೊಟ್ಟೋನು."

ಬರೆದೆ. ಕೈ ಎತ್ತಿದ್ದು ನಿಜವೇ. ಕಾಳು ಕೊಟ್ಟದ್ದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಕಲಂ ಏಳು. ಈವರೆಗೆ ಆಗಿರುವ ಹಾನಿ."

"ಅಟ್ಟದ ಎರಡು ಹಲಗೆ ಕಾಲಾಂತರದಲ್ಲಿ ಮುರಿದಿವೆ ಅಂತ ಹಾಕು."

ಕಾಲಾಂತರದಲ್ಲಿ ಅಲ್ಲ, ಒಂದು ಮಂಗಳವಾರ. ಅಪ್ಪನ ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ಹಲಗೆ ಕೊಳೆತಿದೆ ಎಂದು ಅಪ್ಪ ಅದಕ್ಕೆ ಮೊದಲೇ ಮೂರು ಸಲ ಹೇಳಿದ್ದ. "ಹಲಗೆಗಿಂತ ಮುಂಚೆ ನೀನು ಸಾಯ್ತೀಯ, ಹೋಗೋ," ಎಂದು ಧಣಿ ನಕ್ಕಿದ್ದ. ಎರಡೂ ಒಟ್ಟಿಗೇ ಆಯಿತು. 'ಕಾಲಾಂತರದಲ್ಲಿ' ಎಂದು ಬರೆಯುವಾಗ ಒಂದು ದೀರ್ಘ ಬಿಟ್ಟುಹೋಯಿತು. ಧಣಿ ಬಗ್ಗಿ ನೋಡಿ ತಲೆಗೆ ಮೊಟಕಿದ.

"ಕಲಂ ಒಂಬತ್ತು. ಕಟ್ಟಡದಲ್ಲಿ ಯಾರಾದರೂ ವಾಸವಾಗಿದ್ದಾರೆಯೇ?"

"ಇಲ್ಲ ಅಂತ ಬರಿ."

ಪೆನ್ನು ನಿಂತಿತು. ಕೊಟ್ಟಿಗೆಯ ಹಿಂಗೋಡೆಗೆ ಆತುಕೊಂಡು ನಮ್ಮ ಗುಡಿಸಲಿತ್ತು. ಗೋಡೆಯ ಫೋಟೊ ಚೆನ್ನಾಗಿ ಬರಬೇಕೆಂದು ಹೋದ ತಿಂಗಳು ಧಣಿ ಅದನ್ನು ಕೆಡವಿಸಿದ. ಅಂದಿನಿಂದ ದನ ಹೊರಗೆ, ನಾವು ಒಳಗೆ: ಅವ್ವ, ಅಪ್ಪನ ಅಪ್ಪ, ನಾನು. ಆ ಪ್ರಶ್ನೆಯ ಕೆಳಗೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ವಾಸವಿದ್ದವರಿಗೆ ಮೊದಲು ಬೇರೆ ಮನೆ ಕಟ್ಟಿಕೊಟ್ಟು, ಅದರ ದಾಖಲೆ ಲಗತ್ತಿಸಬೇಕು.

"ಧಣಿ, ಕೆಳಗೆ ಸಣ್ಣ ಅಕ್ಷರದಲ್ಲಿ..."

"ಸಣ್ಣ ಅಕ್ಷರ ಸಣ್ಣ ಜನಕ್ಕೆ. ನಂಗೆ ಓದ್ಬೇಡ."

ಅವನು ಜನ್ಮದಲ್ಲಿ ಆಡಿದ ಒಂದೇ ಸತ್ಯ ಅದು. ಆ ಸಾಲು ನಮಗಾಗಿಯೇ ಇತ್ತು.

"ಅನುದಾನ ಬರ್ಲಿ, ಹಿಂದ್ಗಡೆ ಒಂದು ಕೋಣೆ ಹಾಕಿಸ್ಕೊಡ್ತೀನಿ," ಎಂದ. "ಬರ್ಲಿಲ್ವಾ, ಮೂರೂ ಜನ ಬೀದಿಗೆ. ಆ ಮುದುಕನ್ನ ಎಲ್ಲಿ ಹಾಕ್ಕೋತೀಯ ನೋಡ್ಕೊಂಡು ಬರಿಯೇ, ಮುಂಡೇದೆ."

ಇಲ್ಲ ಎಂದು ಬರೆದೆ. ನಾವು ಮೂವರೂ ಎರಡು ಅಕ್ಷರದಲ್ಲಿ ಮುಗಿದುಹೋದೆವು. ಬರೆದ ಕೈ ನನ್ನದು.

ಹನ್ನೆರಡನೆಯದು, ಕಟ್ಟಡದಲ್ಲಿ ಉಳಿದಿರುವ ಹಳೆಯ ಸಾಮಾನು ಮತ್ತು ಅದರ ಉಪಯೋಗ.

"ಕಂಬದಲ್ಲಿ ಕಬ್ಬಿಣದ ಬಳೆ," ಎಂದ ಧಣಿ. ಆಮೇಲೆ ನನ್ನ ಮುಖ ನೋಡಿ ತುಟಿಯಂಚಲ್ಲಿ ನಕ್ಕ. "ಎತ್ತು ಕಟ್ಟೋಕೆ ಅಂತ ಬರಿ."

ಆ ಬಳೆಗೆ ಎತ್ತು ಕಟ್ಟಿದ್ದನ್ನು ಕಂಡವರಿಲ್ಲ. ಅದಕ್ಕೆ ಆಳುಗಳನ್ನು ಕಟ್ಟುತ್ತಿದ್ದರು. ಎರಡೂ ಕೈ ತಲೆಯ ಮೇಲೆತ್ತಿಸಿ, ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ಮಣಿಕಟ್ಟು ಬಿಗಿಯುತ್ತಿದ್ದರು. ಹಗ್ಗ ಬಿಚ್ಚಿದ ಮೇಲೂ ಧಣಿ 'ಇಳಿಸು' ಎನ್ನುವ ತನಕ ಕೈ ಇಳಿಸುವ ಹಾಗಿಲ್ಲ. ನಮ್ಮವರು ಅದಕ್ಕೆ 'ಬಳೆ ತೊಡಿಸೋದು' ಎಂದು ತಮಾಷೆಯ ಹೆಸರಿಟ್ಟುಕೊಂಡಿದ್ದರು. ಅಳುವುದಕ್ಕಿಂತ ಅದು ವಾಸಿ. ಅಜ್ಜ ಏಳು ಸಲ ತೊಟ್ಟವನು. ಮೊದಲ ಐದು ಸಲ ಧಣಿಯ ಅಪ್ಪ ತೊಡಿಸಿದ್ದು, ಕೊನೆಯ ಎರಡು ಸಲ ಈ ಧಣಿಯೇ, ಮೀಸೆ ಮೂಡುವ ವಯಸ್ಸಿನಲ್ಲಿ.

ಎತ್ತು ಎಂದು ಬರೆದೆ.

*

ಕಟ್ಟಡ ನೋಡಲು ಅನುದಾನದ ಇಲಾಖೆಯ ಮೇಡಂ ಬರುವ ದಿನ ಬೆಳಕು ಹರಿಯುವಾಗಲೇ ನಮ್ಮ ಸಂಸಾರವನ್ನು ಗುಡಿಸಿ ಹೊರಗೆ ಹಾಕಿದೆವು. ಮೂರು ತಟ್ಟೆ, ಎರಡು ಚಾಪೆ, ಒಲೆಯ ಕಲ್ಲು. ಒಲೆ ಇದ್ದ ಕಡೆ ಮಣ್ಣೆಳೆದೆವು. ಅಜ್ಜನನ್ನು ಕೈಹಿಡಿದು ಚಪ್ಪರದ ಕಡೆ ನಡೆಸಬೇಕು ಅನ್ನುವಷ್ಟರಲ್ಲಿ ಗೇಟಿನ ಹತ್ತಿರ ಜೀಪಿನ ಸದ್ದಾಯಿತು. ಹತ್ತು ಗಂಟೆಗೆ ಬರಬೇಕಾದವರು ಎಂಟಕ್ಕೇ ಬಂದಿದ್ದರು.

ಧಣಿ ಓಡಿಬಂದ. "ಇನ್ನೂ ಇಲ್ಲೇ ನಿಲ್ಸಿದೀರೇನ್ರೇ, ದರಿದ್ರದವ್ರಾ! ಪೆಟ್ಟಿಗೇಲಿ ಹಾಕ್ರೇ ಅವನ್ನ!"

"ಉಸಿರು ಕಟ್ಟುತ್ತೆ ಧಣಿ," ಎಂದಳು ಅವ್ವ.

"ಎಂಬತ್ತು ವರ್ಷ ಉಸಿರಾಡಿದ್ದು ಸಾಲ್ದಾ ಅವ್ನಿಗೆ? ಹತ್ತು ನಿಮಿಷ. ಎತ್ತು ಕಾಲು!"

ಅಜ್ಜನ ಬುದ್ಧಿ ಮುಕ್ಕಾಲು ಸವೆದುಹೋಗಿತ್ತು. ಹೇಳಿದ ಕೆಲಸ ಮಾಡುವ ಭಾಗ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಕಂಡು ತಾನಾಗಿಯೇ ಕಾಲೆತ್ತಿದ.

"ಎಷ್ಟು ಮೂಟೆ ತೆಗೀಬೇಕವ್ವ?" ಎಂದು ಅವ್ವನನ್ನು ಕೇಳಿದ.

"ಸುಮ್ನೆ ಕೂತ್ಕೊ ಮಾವ. ಮಾತಾಡ್ಬೇಡ." ಅವ್ವ ಅವನ ತಲೆ ಒತ್ತಿ ಬಗ್ಗಿಸಿದಳು. ಮುಚ್ಚಳ ಹಾಕಿದವಳು ನಾನು.

ಮೇಡಂ ಮೆಲುದನಿಯವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಪೊರಕೆ ಹಿಡಿದು ನಿಂತ ನಮ್ಮನ್ನು ಧಣಿ "ಕಸ ಗುಡಿಸೋರು" ಎಂದು ಮುಗಿಸಿದ. ಮೇಡಂ ನೇರವಾಗಿ ಕಂಬದ ಹತ್ತಿರ ಹೋಗಿ, ಮಗುವಿನ ಬೆನ್ನು ಸವರುವ ಹಾಗೆ ಸವರಿದರು.

"ಪಾಪ, ಎಷ್ಟು ಭಾರ ಹೊತ್ತಿದೆ ಇದು! ಒಂದು ದಿನ ಕೂತಿಲ್ಲ, ಮಲಗಿಲ್ಲ." ಅವರ ಕಣ್ಣು ನಿಜಕ್ಕೂ ಒದ್ದೆಯಾಯಿತು. ಅವ್ವ ನನ್ನನ್ನು ನೋಡಿದಳು. ಅವಳ ಜೀವಮಾನದಲ್ಲಿ ಯಾರೂ ಅವಳಿಗೆ ಆಡದ ಮಾತು ಅದು.

ಹತ್ತು ನಿಮಿಷ ಕಳೆಯಿತು. ಮೇಡಂ ಬಾಗಿಲು ಅಳೆದರು, ತೊಲೆ ಎಣಿಸಿದರು, ಬಿರುಕುಗಳ ಫೋಟೊ ತೆಗೆದರು. ಅರ್ಧ ಗಂಟೆಯಾಯಿತು. ಕೊನೆಗೆ ಬಳೆಗೆ ಟೇಪು ಹಿಡಿದು ಅರ್ಜಿ ನೋಡಿದರು.

"ಎತ್ತು ಕಟ್ಟೋಕೆ ಅಂತ ಬರೆದಿದ್ದೀರಿ. ಇದು ನೆಲದಿಂದ ಆರೂವರೆ ಅಡಿ ಇದೆಯಲ್ಲ?"

"ನಮ್ಮ ಎತ್ತುಗಳು ಎರಡು ಕಾಲ್ಮೇಲೆ ನಿಲ್ತಿದ್ವು ಮೇಡಂ," ಎಂದು ಧಣಿ ನಕ್ಕ. ಮೇಡಂ ಕೂಡ ನಕ್ಕರು.

ಆಗ ಪೆಟ್ಟಿಗೆಯೊಳಗಿನಿಂದ ಟಕ್ ಟಕ್ ಎಂದು ಸದ್ದಾಯಿತು.

"ಇಲಿ," ಎಂದ ಧಣಿ. ಹೋಗಿ ಪೆಟ್ಟಿಗೆಯ ಮೇಲೆ ಕೂತ.

"ವಿಷ ಇಡಿಸಿಬಿಡಿ. ಮರ ಹಾಳಾಗುತ್ತೆ," ಎಂದರು ಮೇಡಂ, ಬರೆದುಕೊಳ್ಳುತ್ತ. ಅರ್ಜಿಯನ್ನೂ ಪೆನ್ನನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಕ್ಯಾಮೆರಾ ಎತ್ತಿಕೊಂಡರು.

ಟಕ್ ಟಕ್ ಮತ್ತೆ ಕೇಳಿತು. ಧಣಿ ಹಿಮ್ಮಡಿಯಿಂದ ಪೆಟ್ಟಿಗೆಗೆ ಒದ್ದ. ಇನ್ನೊಮ್ಮೆ ಕೇಳಿತು, ಸಣ್ಣಗೆ. ಆಮೇಲೆ ನಿಂತುಹೋಯಿತು. ಮೊದಲು ಆ ಸದ್ದಿಗೆ ಹೆದರಿದ್ದೆ. ಈಗ ಸದ್ದಿಲ್ಲದ್ದಕ್ಕೆ ಹೆದರಿದೆ. ಪೊರಕೆ ಕೆಳಗೆ ಹಾಕಿದೆ.

"ಧಣಿ, ಏಳಿ."

"ಏನೇ?"

"ಮೇಲೇಳಿ ಧಣಿ."

"ತೆಪ್ಪಗೆ ಕಸ ಗುಡಿಸೇ, ಲೌಡಿ!"

"ನಿನ್ನ ಕುಂಡೆ ಕೆಳಗೆ ನಮ್ಮಜ್ಜ ಸಾಯ್ತಿದಾನೆ. ಏಳೋ!"

ಮೂರು ತಲೆಮಾರಿನಲ್ಲಿ ನಮ್ಮ ಬಾಯಿಂದ ಆ 'ಓ' ಬಂದಿರಲಿಲ್ಲ. ಧಣಿ ಅದನ್ನು ಕೇಳಿದ್ದಕ್ಕೇ ಎದ್ದನೋ, ಹೊಡೆಯಲು ಎದ್ದನೋ ಗೊತ್ತಿಲ್ಲ. ಎದ್ದ. ಅಷ್ಟರಲ್ಲಿ ಅವ್ವ ಮುಚ್ಚಳ ಎತ್ತಿದ್ದಳು.

ಅಜ್ಜ ಒಂದು ಬದಿಗೆ ಕುಸಿದಿದ್ದ. ಬಾಯಿ ತೆರೆದಿತ್ತು, ಹಣೆಗೆಲ್ಲ ಹಳೆಯ ಹೊಟ್ಟು ಅಂಟಿತ್ತು. ಕಂಕುಳಿಗೆ ಕೈ ಹಾಕಿ ಎಳೆದು ನಿಲ್ಲಿಸಿದೆವು. ಒಂದು ಉಸಿರು ಎಳೆದ, ಕೆಮ್ಮಿದ, ಕಣ್ಣು ಬಿಟ್ಟ. ಎದುರಿಗೆ ಧಣಿ ಹಲ್ಲು ಕಡಿಯುತ್ತ ನಿಂತಿದ್ದ. ಧಣಿಯ ಹಿಂದೆ ಕಂಬ, ಕಂಬದಲ್ಲಿ ಬಳೆ.

ಅಜ್ಜ ನಮ್ಮ ಕೈ ಬಿಡಿಸಿಕೊಂಡ. ಗೋಡೆ ಹಿಡಿದು ನಡೆಯುತ್ತಿದ್ದವನು ಏನನ್ನೂ ಹಿಡಿಯದೆ ನಾಲ್ಕು ಹೆಜ್ಜೆ ಇಟ್ಟು ಕಂಬದ ಮುಂದೆ ನಿಂತ. ಎರಡು ಮಣಿಕಟ್ಟನ್ನೂ ಜೋಡಿಸಿ ತಲೆಯ ಮೇಲೆತ್ತಿದ. ಮುಪ್ಪಿಗೆ ಮೈ ಕುಗ್ಗಿತ್ತು, ಬಳೆ ಒಂದು ಗೇಣು ಮೇಲೇ ಉಳಿಯಿತು. ಅವನು ಹಿಮ್ಮಡಿ ಎತ್ತಿದ.

"ಅದೇನು ಮಾಡ್ತಿದ್ದಾರೆ ಅವರು?" ಎಂದರು ಮೇಡಂ. ಅಜ್ಜನ ಮಣಿಕಟ್ಟಿನ ಸುತ್ತ ಸುಕ್ಕು ಬೀಳದ, ಕೂದಲು ಹುಟ್ಟದ ಬಿಳಿ ಗೆರೆ ಇತ್ತು. ಮೇಡಂ ಅದನ್ನು ನೋಡಿದರು, ಬಳೆಯನ್ನು ನೋಡಿದರು, ಕೈಯಲ್ಲಿದ್ದ ಟೇಪನ್ನು ನೋಡಿದರು.

"ಇಳಿಸು ಮಾವ," ಎಂದು ಅವ್ವ ಅವನ ತೋಳು ಜಗ್ಗಿದಳು.

"ಧಣಿ ಹೇಳ್ಲಿಲ್ವಲ್ಲವ್ವ."

ಅವ್ವ ಧಣಿಯ ಕಡೆ ತಿರುಗಿದಳು. "ಹೇಳಿ ಧಣಿ. ಒಂದೇ ಒಂದು ಮಾತು. ಕಾಲು ನಡುಗ್ತಿದೆ ನೋಡಿ."

ಇಳಿಸು ಎಂದರೆ, ಹಿಂದೆ ಎತ್ತಿಸಿದ್ದವನು ತಾನೇ ಎಂದು ಒಪ್ಪಿದ ಹಾಗೆ. ಧಣಿ ಗೋಡೆಯ ಬಿರುಕು ನೋಡುತ್ತ ನಿಂತ.

ಮೇಡಂ ಟೇಪು ಸುತ್ತಿದರು. "ಅರ್ಜಿಯಲ್ಲಿ ವಾಸ ಇಲ್ಲ ಅಂತ ಇದೆ," ಎಂದರು, ಮೊದಲಿನ ಮೆಲುದನಿಯಲ್ಲೇ, ಧಣಿಗೆ ಮಾತ್ರ. "ನಾನು ಬಂದಿರೋದು ಕಟ್ಟಡ ನೋಡೋಕೆ. ಇದನ್ನ ನೋಡಿಲ್ಲ ಅಂತ ಇಟ್ಕೊಳ್ಳೋಣ."

ನಾನು ಕಿಟಕಿಯ ಕಡೆ ಹೋದೆ. ಕೈ ತೊಳೆದಿರಲಿಲ್ಲ. ಒಂಬತ್ತನೆಯ ಕಲಮಿನ 'ಇಲ್ಲ' ಹೊಡೆದುಹಾಕಿ 'ಇದ್ದೇವೆ, ಮೂವರು' ಎಂದು ಬರೆದೆ. ಏಳನೆಯದರಲ್ಲಿ 'ಕಾಲಾಂತರದಲ್ಲಿ' ಹೊಡೆದು 'ಅಪ್ಪ ಬಿದ್ದ ಮಂಗಳವಾರ' ಎಂದು ಬರೆದೆ. ಹನ್ನೆರಡರಲ್ಲಿ 'ಎತ್ತು' ಹೊಡೆದು 'ಅಜ್ಜ' ಎಂದು ಬರೆದೆ. ಕಾಗದದ ತುಂಬ ಹೊಟ್ಟಿನ ಬೆರಳಚ್ಚು.

"ಏಯ್, ಅದು ಸರ್ಕಾರಿ ದಾಖಲೆ!" ಎಂದು ಮೇಡಂ ಓಡಿಬಂದು ಕಿತ್ತುಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ಹಣೆಯ ಬೆವರು ಒರೆಸಿಕೊಂಡು, ಕೊನೆಗೆ ಹೇಳಿದರು: "ತಿದ್ದಿದ ಕಡೆಯೆಲ್ಲ ಅರ್ಜಿದಾರರ ಸಹಿ ಬೇಕು. ಇಲ್ಲದಿದ್ರೆ ಇದು ನಡೆಯಲ್ಲ."

ಅವರ ಕೈಯಿಂದ ಕಾಗದ ಈಸಿಕೊಂಡೆ. ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಹರಡಿದೆ. ಧಣಿಯ ಮುಂದೆ ಪೆನ್ನು ಚಾಚಿದೆ.

"ಸಹಿ ಹಾಕೋ."

ಅವನು ಕೈ ಚಾಚಲಿಲ್ಲ. ನಾನು ಪೆನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವ್ವ ನೆಲದಲ್ಲಿ ಕೂತು ಅಜ್ಜನ ಎರಡು ಹಿಮ್ಮಡಿಗಳ ಕೆಳಗೆ ತನ್ನ ಅಂಗೈ ಕೊಟ್ಟಿದ್ದಳು. ಅಜ್ಜನ ಕೈ ಇನ್ನೂ ಮೇಲೇ ಇತ್ತು.